ಹೇಸಿಗೆಗೊಂದು ವಾಕ್ಯ

ನನ್ನ ಬಾಯಿಗೆ ಇಂಗ್ಲಿಷು ಹತ್ತುವುದಿಲ್ಲ ಎಂದು ಮೊದಲು ಹೇಳಿದವರು ದೊಡ್ಡಪ್ಪ. ಅಪ್ಪ ಇಲ್ಲದ ನಮ್ಮ ಮನೆಯಲ್ಲಿ ಅವರದೇ ಕಡೆಯ ಮಾತು. "ನಮ್ ಮನೇರ ನಾಲ್ಗೇನೇ ಬ್ಯಾರೆ ಕಣಮ್ಮಿ. ಮುದ್ದೆ ನುಂಗಾ ಗಂಟ್ಲಲ್ಲಿ ಇಂಗ್ಲೀಸು ಇಳ್ದದಾ? ಸುಮ್ಕೆ ಬಸ್ ಚಾರ್ಜು ದಂಡ" ಎಂದು ಜಗಲಿಯ ಮೇಲೆ ಕುಳಿತು ಬೀದಿಗೆಲ್ಲ ಕೇಳುವಂತೆ ಹೇಳಿದ್ದರು. ತಮಿಳು ರಾಜ್ಯಕ್ಕೆ ಸೇರಿದ ನಮ್ಮ ತಾಳವಾಡಿ ಕಡೆಯಿಂದ ಗಡಿಯಾಚೆ ಚಾಮರಾಜನಗರದ ಕಾಲೇಜಿಗೆ ಬಸ್ಸಿನಲ್ಲಿ ಹೋಗಿ ಬಂದು, ಡಿಗ್ರಿಯ ಉಳಿದೆಲ್ಲ ಪರೀಕ್ಷೆಗಳನ್ನು ಪಾಸು ಮಾಡಿ, ಇಂಗ್ಲಿಷೊಂದರಲ್ಲೇ ಫೇಲಾಗಿ ನಾನು ಮನೆಗೆ ಬಂದು ಕುಳಿತಿದ್ದೆ. ಎಂಬತ್ತರ ದಶಕ ಆಗ ತಾನೇ ಶುರುವಾಗಿತ್ತು.

ಇದೆಲ್ಲ ನೆನಪಾದದ್ದು ಮೊನ್ನೆ, ಒಂದು ವಾಸನೆಯಿಂದ. ದೊಡ್ಡಗಾಜನೂರಿನ ನೆಂಟರೊಬ್ಬರ ಹಿತ್ತಲಿನಲ್ಲಿ ರೋಗ ಬಂದ ರೇಷ್ಮೆಹುಳುಗಳನ್ನು ಗುಂಡಿಗೆ ಸುರಿಯುತ್ತಿದ್ದರು. ಕೊಳೆತ ಸೊಪ್ಪು, ಸತ್ತ ಹುಳು, ಸುಣ್ಣ ಎಲ್ಲ ಬೆರೆತು ಗಂಟಲಿಗೇ ಅಂಟಿಕೊಳ್ಳುವ ವಾಸನೆ. ಅಲ್ಲಿದ್ದವರೆಲ್ಲ ಟವೆಲು, ಸೆರಗು ಹಿಡಿದು ಮೂಗು ಮುಚ್ಚಿಕೊಂಡರು. ನನಗೆ ಮಾತ್ರ ನಮ್ಮ ಟೀಚರು ಕಣ್ಣ ಮುಂದೆ ಬಂದು ನಿಂತರು...

ಅವರು ಬೆಟ್ಟದ ಕೆಳಗಿನ ತಮಿಳು ಸೀಮೆಯವರು. ತಾಳವಾಡಿಯ ಶಾಲೆಗೆ ಇಂಗ್ಲಿಷ್ ಟೀಚರಾಗಿ ಬಂದಿದ್ದರು. ಒಂಟಿ ಹೆಂಗಸಿಗೆ ಮನೆ ಕೊಡಲು ಪೇಟೆಯಲ್ಲಿ ಯಾರೂ ಮನಸ್ಸು ಮಾಡದೆ, ಕಡೆಗೆ ನಮ್ಮ ಮನೆಯ ಪಕ್ಕದ ಕೋಣೆಯಲ್ಲಿ ಬಾಡಿಗೆಗಿದ್ದರು. ಆ ಕೋಣೆಗೂ ರೇಷ್ಮೆಹುಳು ಸಾಕುವ ನಮ್ಮ ಹುಳುಮನೆಗೂ ನಡುವೆ ಒಂದೇ ಗೋಡೆ. ಗೋಡೆಯಾಚೆ ಹುಳುಗಳು ಸೊಪ್ಪು ಮೇಯುವ ಸದ್ದು ಸೋನೆಮಳೆಯಂತೆ ಕೇಳುತ್ತಿತ್ತು. ನಮಗೆ ಆ ಸದ್ದು ಕೇಳದಿದ್ದರೆ ಭಯ, ಅವರಿಗೆ ಕೇಳಿದರೆ ಮೈ ಮುಳ್ಳು. ಆ ಕಡೆಯ ಕಿಟಕಿಯನ್ನು ಅವರು ತೆರೆದದ್ದನ್ನು ನಾನು ಕಾಣೆ. ಆದರೂ ಒಂದು ದಿನವೂ ಬಾಯಿಬಿಟ್ಟು ಏನೂ ಅಂದವರಲ್ಲ.

ಫೇಲಾದ ನನ್ನನ್ನು ಕರೆದು ಕೂರಿಸಿಕೊಂಡವರು ಅವರೇ. ನಾನು ಗೈಡನ್ನು ಉರು ಹೊಡೆದವಳು. ಉರು ಹೊಡೆದದ್ದು ಮರೆತಲ್ಲಿ ಪೆನ್ನು ನಿಂತುಬಿಡುತ್ತಿತ್ತು. ಕೊಟ್ಟ ಪದಗಳನ್ನು ಸ್ವಂತ ವಾಕ್ಯದಲ್ಲಿ ಬಳಸಿ ಎಂಬ ಪ್ರಶ್ನೆಯನ್ನಂತೂ ಪೂರ್ತಿ ಬಿಟ್ಟು ಬಂದಿದ್ದೆ. ಅದರಲ್ಲಿ ಒಂದು ಪದ ಲೋದ್. ತುಂಬಾ ಹೇಸಿಕೊಳ್ಳುವುದು ಎಂದು ಅರ್ಥ. ಗೈಡಿನಲ್ಲಿದ್ದ ವಾಕ್ಯ: ಐ ಲೋದ್ ವರ್ಮ್ಸ್. ಹುಳ ಕಂಡರೆ ನನಗೆ ಹೇಸಿಗೆ.

"ಗೊತ್ತಿತ್ತಲ್ಲ, ಯಾಕಮ್ಮಾ ಬರೆಯಲಿಲ್ಲ?" ಎಂದು ಟೀಚರು ಕೇಳಿದರು.

ಹೇಗೆ ಹೇಳಲಿ? ಹುಳುಮನೆಗೆ ನಮ್ಮಲ್ಲಿ ಒಂದು ಕಟ್ಟಳೆಯಿತ್ತು. ಹೊಸಿಲು ದಾಟಿ ಒಳಗೆ ಹೋದವರು ಮೂಗು ಮುಚ್ಚಬಾರದು. 'ಚೀ' ಅನ್ನಬಾರದು. ಹೇಸಿಗೆ ಎಂಬ ಮಾತೇ ಬಾಯಿಗೆ ಬರಬಾರದು. ಬಂದರೆ ಹುಳು ಮುನಿಸಿಕೊಂಡು ಸೊಪ್ಪು ಬಿಡುತ್ತದೆ ಎಂದು ಅವ್ವ ನನಗೆ ಎಳವೆಯಿಂದಲೇ ಕಲಿಸಿದ್ದಳು. ನಮಗೆ ಅನ್ನ ಹಾಕುವ ಹುಳುವಿನ ಮೇಲೆ ಅಂಥ ವಾಕ್ಯ ಬರೆಯಲು ಪರೀಕ್ಷೆಯ ಕೋಣೆಯಲ್ಲೂ ನನ್ನ ಕೈ ಬಂದಿರಲಿಲ್ಲ. ತಡವರಿಸುತ್ತ ಇಷ್ಟನ್ನು ಹೇಳಿದೆ. ಅವರು ನಗಲಿಲ್ಲ.

"ಗೈಡ್ ಬರೆದವರು ನಿಮ್ಮ ಮನೆ ನೋಡಿದಾರಾಮ್ಮಾ? ಇಲ್ಲ ತಾನೇ. ಇನ್ನುಮೇಲೆ ನಿನ್ನ ಮನೆಯಲ್ಲಿ ಇರೋದನ್ನ ಮಾತ್ರ ಹೇಳು. ತಪ್ಪಾದರೂ ಪರವಾಯಿಲ್ಲ" ಎಂದರು.

ಮರುಪರೀಕ್ಷೆ ಹತ್ತಿರ ಬಂದಾಗಲೇ ಹುಳು ನಾಲ್ಕನೇ ಜ್ವರದಿಂದ ಎದ್ದಿತ್ತು. ಪೊರೆ ಕಳಚುವ ಮುಂಚೆ ಹುಳು ಮೇವು ಬಿಟ್ಟು ತಲೆಯೆತ್ತಿ ಕೂರುವುದಕ್ಕೆ ನಮ್ಮಲ್ಲಿ ಜ್ವರವೆನ್ನುತ್ತಾರೆ. ನಾಲ್ಕನೇ ಜ್ವರದಿಂದ ಎದ್ದ ಹುಳುವಿನ ಹಸಿವಿಗೆ ಕೊನೆಯಿಲ್ಲ. ಅದೇ ಹೊತ್ತಿಗೆ ಅವ್ವನೂ ನಿಜವಾದ ಜ್ವರ ಹಿಡಿದು ಮಲಗಿದಳು. ದೊಡ್ಡಪ್ಪ ತೋಟದಿಂದ ಸೊಪ್ಪು ಕೊಯ್ದು ತಂದು ಹಾಕಿದರೆ, ಹುಳು ಮೇಯುವ ಬಿದಿರಿನ ತಟ್ಟೆ ತಟ್ಟೆಗೂ ಹರಡುವವಳು ನಾನೊಬ್ಬಳೇ. ಪುಸ್ತಕ ಮುಟ್ಟಲು ಬಿಡುವಿಲ್ಲ.

"ಇದೇ ಕಡೆ ಸಲ ಕಣಮ್ಮಿ" ಎಂದು ದೊಡ್ಡಪ್ಪ ಆಗಲೇ ಹೇಳಿದ್ದರು. "ಈ ಸಲಾನೂ ಫೇಲಾದ್ಯೋ, ಪುಸ್ತ್ಕ ಒಲೆಗೆ. ಆಮ್ಯಾಲೆ ನನ್ನ ಕೇಳ್ಬ್ಯಾಡ."

ಒಂದು ಸಂಜೆ ಶಾಲೆಯಿಂದ ಬಂದ ಟೀಚರು ಹುಳುಮನೆಯ ಹೊಸಿಲಲ್ಲಿ ಚಪ್ಪಲಿ ಬಿಟ್ಟು ನಿಂತರು. ಸೆರಗನ್ನು ಸೊಂಟಕ್ಕೆ ಬಿಗಿದು ಸಿಕ್ಕಿಸಿಕೊಂಡರು. "ಅಕ್ಕಾ, ನಾನೂ ಸೊಪ್ಪು ಹಾಕ್ತೀನಿ. ಪಾಠ ಅಲ್ಲೇ ನಡೀಲಿ" ಎಂದು ಜಗಲಿಯಲ್ಲಿ ಕಂಬಳಿ ಹೊದ್ದಿದ್ದ ಅವ್ವನಿಗೆ ಹೇಳಿ ಒಳಗೆ ಬಂದರು. ಅವರ ಮುಖ ಬಿಳಿಚಿಕೊಂಡಿತ್ತು. ಸೊಪ್ಪನ್ನು ತಟ್ಟೆಯ ಮೇಲೆ ದೂರದಿಂದ ಎಸೆಯುವವರಂತೆ ಬಿಡುತ್ತಿದ್ದರು. ಹುಳುವೊಂದು ಬೆರಳಿಗೆ ತಾಗಿದಾಗ ಕಣ್ಣು ಮುಚ್ಚಿಕೊಂಡರು, ಕೈ ಮಾತ್ರ ಹಿಂದಕ್ಕೆ ಎಳೆದುಕೊಳ್ಳಲಿಲ್ಲ.

ಅಂದಿನಿಂದ ದಿನಾ ಸಂಜೆ ಒಂದೊಂದು ತಟ್ಟೆಗೂ ಒಂದೊಂದು ಪದ. ಅವರು ಪದ ಹೇಳಬೇಕು, ನಾನು ಸೊಪ್ಪು ಹರಡಿ ಮುಗಿಸುವಷ್ಟರಲ್ಲಿ ವಾಕ್ಯ ಹೇಳಬೇಕು. ನಡುವೆ ಒಂದು ಸಲ "ಲೋದ್" ಎಂದುಬಿಟ್ಟರು. ನಾನು ಬೆದರಿ ಹೋದೆ.

"ಟೀಚರ್, ಆ ಮಾತು ಇಲ್ಲಿ ಆಡಂಗಿಲ್ಲ!"

"ಅಯ್ಯೋ, ಇಂಗ್ಲಿಷಲ್ಲಿ ತಾನಮ್ಮಾ ಹೇಳಿದ್ದು?"

ಹೊರಗಿನಿಂದ ಅವ್ವನ ಸೋತ ದನಿ ಬಂತು. "ಉಳಕ್ಕೆ ಇಂಗ್ಲೀಸು ಬತ್ತದಾ ಕೇಳಮ್ಮಿ. ಬಂದ್ರೆ ನಿನ್ ಬದ್ಲು ಅವುನ್ನೇ ಪರೀಕ್ಸೆಗೆ ಕಳ್ಸಾನ."

ಹುಳುಮನೆಯೊಳಗೆ ಟೀಚರು ನಕ್ಕದ್ದು ಅದೊಂದೇ ಸಲ. ಆದರೆ ಮತ್ತೆಂದೂ ಆ ಪದವನ್ನು ಅಲ್ಲಿ ಹೇಳಲಿಲ್ಲ. ಕೆಲಸ ಮುಗಿಸಿ ಹಿತ್ತಲಿನ ಬಟ್ಟೆ ಒಗೆಯುವ ಕಲ್ಲಿನ ಹತ್ತಿರ ಕೈ ತೊಳೆಯುವಾಗ ಮಾತ್ರ ಅದರ ಸರದಿ.

ನಾನು ಮೊದಲು ಹೇಳಿದ ವಾಕ್ಯ 'ಐ ಲೋದ್ ಮೈ ದೊಡ್ಡಪ್ಪ'.

"ಸುಳ್ಳು" ಎಂದರು ತಕ್ಷಣ. "ಬೆಳಿಗ್ಗೆ ಅವರಿಗೆ ಬಿಸಿ ಮುದ್ದೆ ಹಾಕಿ, ಆರಿಹೋಗ್ತದೆ ಉಣ್ಣಿ ಅಂತ ಕೂಗಿದ್ದು ಯಾರು? ಅವರ ಮಾತು ನಿನಗೆ ಬೇಡ. ಅವರು ಬೇಕು. ಅದಕ್ಕೆ ಬೇರೆ ಪದ ಇದೆ."

ಉಪ್ಪಿಲ್ಲದ ಸಾರಿನ ಮೇಲೆ ಒಂದು ವಾಕ್ಯ ಮಾಡಿದೆ. ಅದಕ್ಕೆ ಡಿಸ್‌ಲೈಕ್ ಸಾಕು ಎಂದರು. ಬಸ್ಸಿನಲ್ಲಿ ಒತ್ತಿಕೊಂಡು ನಿಲ್ಲುವ ಗಂಡಸರ ಮೇಲೆ ಒಂದು ಮಾಡಿದೆ. "ಇದು ಸರಿ" ಎಂದರು. "ಕೋಪ ಬಂದಾಗೆಲ್ಲ ಈ ಪದವನ್ನ ಖರ್ಚು ಮಾಡಬಾರದಮ್ಮಾ. ಮನಸ್ಸು ಬೇಡ ಅಂದರೆ ಸಾಲದು. ಮೈ ಬೇಡ ಅನ್ನಬೇಕು, ಹೊಟ್ಟೆ ಬೇಡ ಅನ್ನಬೇಕು. ಆಗ ಬಳಸು."

ಹುಳು ಇನ್ನೇನು ಮೈ ಹಳದಿಗಟ್ಟಿ ಹಣ್ಣಾಗಿ ಗೂಡು ಕಟ್ಟಬೇಕು ಎನ್ನುವಾಗ ಒಂದು ಸಾಲಿನ ತಟ್ಟೆಗಳಿಗೆ ಸಪ್ಪೆ ರೋಗ ಬಂತು. ಹುಳು ಮೆತ್ತಗಾಗಿ, ಕಪ್ಪಾಗಿ, ಮುಟ್ಟಿದರೆ ಒಡೆದು ನೀರಾಗುತ್ತಿತ್ತು. ಒಂದನ್ನು ಬಿಟ್ಟರೂ ಉಳಿದವಕ್ಕೆ ಹತ್ತುತ್ತದೆ. ದೊಡ್ಡಪ್ಪ ತಲೆಯ ಮೇಲೆ ಕೈ ಹೊತ್ತು ಜಗಲಿಯಲ್ಲಿ ಕುಳಿತುಬಿಟ್ಟರು. ಬೆಳೆ ಹೋದರೆ ಪರೀಕ್ಷೆಯ ಮಾತೆತ್ತಲು ನನಗೆ ಮುಖವಿರುವುದಿಲ್ಲ ಎಂದು ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ.

ಆ ದಿನ ಶಾಲೆಗೆ ರಜೆ. ಟೀಚರು ಬೆಳಿಗ್ಗೆಯೇ ಬಂದರು. ಇಬ್ಬರೂ ಕಡ್ಡಿ ಹಿಡಿದು ಸತ್ತ ಹುಳುಗಳನ್ನು ಆರಿಸತೊಡಗಿದೆವು. ಕಡ್ಡಿಗೆ ಸಿಗದವನ್ನು ಬೆರಳಿನಿಂದಲೇ ತೆಗೆಯಬೇಕು. ಹುಟ್ಟಿದಾಗಿನಿಂದ ಅದರಲ್ಲೇ ಬೆಳೆದ ನಾನೇ ನಡುನಡುವೆ ಬಾಗಿಲಿಗೆ ಹೋಗಿ ಉಸಿರು ಎಳೆದುಕೊಂಡು ಬರುತ್ತಿದ್ದೆ. ಅವರ ಹಣೆಯಿಂದ ಬೆವರು ಇಳಿಯುತ್ತಿತ್ತು, ತುಟಿ ಬಿಗಿದುಕೊಂಡಿತ್ತು. ಆದರೂ ಸೆರಗು ಸೊಂಟದಿಂದ ಮೂಗಿಗೆ ಬರಲಿಲ್ಲ. ಅಂದು ಒಂದು ಪದವನ್ನೂ ಅವರು ಕೇಳಲಿಲ್ಲ. ಬಾಯಿ ತೆರೆದರೆ ಏನಾಗುವುದೋ ಎಂಬ ಅಂಜಿಕೆ ಇತ್ತೇನೋ...

ಮಧ್ಯಾಹ್ನ ಒಗೆಯುವ ಕಲ್ಲಿನ ಹತ್ತಿರ ಅವರು ಬೂದಿ ಹಚ್ಚಿ ಕೈ ಉಜ್ಜಿದರು. ತೊಳೆದರು. ಮತ್ತೆ ಬೂದಿ ಹಚ್ಚಿದರು. ನನ್ನ ಕಡೆ ತಿರುಗದೆಯೇ, "ಎಲ್ಲಿ, ವಾಕ್ಯ ಹೇಳು" ಎಂದರು.

ನಾನು ಯೋಚಿಸಲಿಲ್ಲ. ಬಾಯಿಗೆ ಬಂದದ್ದನ್ನು ಹೇಳಿದೆ. "ಶಿ ಲೋದ್ಸ್ ದಿಸ್ ವರ್ಕ್, ಬಟ್ ಶಿ ಡಸ್ ನಾಟ್ ಕವರ್ ಹರ್ ನೋಸ್." ಅವಳಿಗೆ ಈ ಕೆಲಸ ಹೇಸಿಗೆ, ಆದರೂ ಅವಳು ಮೂಗು ಮುಚ್ಚಿಕೊಳ್ಳುವುದಿಲ್ಲ.

ಅವರ ಕೈ ನಿಂತಿತು. "ಯಾರಮ್ಮಾ ಅವಳು?"

ನಾನು ಕೈ ಮುಂದೆ ಚಾಚಿದೆ. ಅವರು ಚೆಂಬಿನಲ್ಲಿ ಉಳಿದ ನೀರನ್ನು ನನ್ನ ಕೈಗೆ ಸುರಿದು, "ವಾಕ್ಯ ಸರಿಯಾಗಿದೆ" ಎಂದಷ್ಟೇ ಹೇಳಿ ತಮ್ಮ ಕೋಣೆಗೆ ಹೋದರು.

ಬೆಳೆ ಪೂರ್ತಿ ಹೋಗಲಿಲ್ಲ, ಪೂರ್ತಿ ಉಳಿಯಲೂ ಇಲ್ಲ. ನಾನು ಪರೀಕ್ಷೆಗೆ ಹೋದೆ. ಅಷ್ಟು ಕಷ್ಟಪಟ್ಟು ಕಲಿತ ಆ ಪದ ಪ್ರಶ್ನೆಪತ್ರಿಕೆಯಲ್ಲಿ ಇರಲೇ ಇಲ್ಲ. ಬೇರೆ ಪದಗಳಿದ್ದವು. ಒಂದಕ್ಕೆ ಸೊಪ್ಪಿನ ಮಂಕರಿ ಬರೆದೆ, ಒಂದಕ್ಕೆ ಅವ್ವನ ಜ್ವರ, ಇನ್ನೊಂದಕ್ಕೆ ತಾಳವಾಡಿಯ ಬಸ್ಸು. ಪೆನ್ನು ಎಲ್ಲೂ ನಿಲ್ಲಲಿಲ್ಲ.

ಫಲಿತಾಂಶ ಬರುವ ಮೊದಲೇ ಟೀಚರಿಗೆ ಕೆಳಗಿನ ಸೀಮೆಗೆ ವರ್ಗವಾಯಿತು. ಅವರ ಟ್ರಂಕನ್ನು ದೊಡ್ಡಪ್ಪನೇ ಹೆಗಲ ಮೇಲೆ ಹೊತ್ತು ತಂದು ಸತ್ಯಮಂಗಲದ ಬಸ್ಸಿಗೆ ಏರಿಸಿದರು. "ಓಗ್ಬುಟ್ಟು ಬನ್ನಿ ಟೀಚರಮ್ಮ" ಎಂದರು. ಟೀಚರು ಮತ್ತೆ ಬರಲಿಲ್ಲ. ಎಷ್ಟೋ ವರ್ಷಗಳ ಮೇಲೆ ಆ ಕಡೆಗೆ ಹೋದಾಗ ವಿಚಾರಿಸಿದೆ. ತೀರಿಕೊಂಡು ಬಹಳ ಕಾಲವಾಯಿತು ಎಂದು ಅಲ್ಲಿಯವರು ಹೇಳಿದರು. ಪಾಸಾದೆ ಎಂದು ನನ್ನ ಬಾಯಿಂದ ಅವರಿಗೆ ಹೇಳುವುದು ಆಗಲೇ ಇಲ್ಲ. ನಮ್ಮ ವಂಶದಲ್ಲಿ ಮೊದಲ ಡಿಗ್ರಿ ನನ್ನದು. ಅದನ್ನು ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ. ಆದರೆ ಈಗ, ಕೆಲಸದಿಂದಲೂ ನಿವೃತ್ತಳಾಗಿ ಸುಸ್ತಾಗಿ ಕುಳಿತ ಈ ದಿನಗಳಲ್ಲಿ, ಹೆಮ್ಮೆಯ ಆ ಮಾತನ್ನು ಕೇಳಬೇಕಾದವರೇ ಇಲ್ಲ. ಅವ್ವನೂ ಇಲ್ಲ.

ಪಾಸಾದ ಮೇಲೆ ಡಿಗ್ರಿ ಸರ್ಟಿಫಿಕೇಟು ತರಲು ಅವ್ವನೂ ನನ್ನ ಜೊತೆ ಕಾಲೇಜಿಗೆ ಬಂದಿದ್ದಳು. ಗುಮಾಸ್ತರು ಕಿಟಕಿಯಿಂದ ಕೊಟ್ಟದ್ದನ್ನು ಹಾಗೆಯೇ ಅವಳ ಕೈಗಿಟ್ಟೆ. ಓದು ಬಾರದ ಅವಳು ಸೆರಗಿಗೆ ಕೈ ಒರೆಸಿಕೊಂಡು, ಎರಡೂ ಕೈಯಲ್ಲಿ ಹಿಡಿದು ಬಹಳ ಹೊತ್ತು ನೋಡಿದಳು. ಆಮೇಲೆ ನನ್ನ ಮುಖ ನೋಡದೆ ಹೇಳಿದಳು:

"ಆಯಮ್ಮ ಉಳಮನೆಯಿಂದ ಆಚೀಕ್ ಬಂದ್ಮ್ಯಾಲೆ ದಿನಾ ಬೇಲಿ ಮರೇಲಿ ವಾಂತಿ ಮಾಡ್ಕತಿದ್ರು ಕಣಮ್ಮಿ. ನಂಗೊತ್ತಿತ್ತು. ಒಳೀಕ್ ಬರ್ಬ್ಯಾಡಿ ಟೀಚರಮ್ಮ ಅಂತ ಒಂದ್ ಮಾತು ಅನ್ಬೋದಾಗಿತ್ತು... ಅನ್ನಿಲ್ಲ. ನೀನು ಪಾಸಾಗ್ಲಿ ಅಂತ ಬಾಯ್ ಮುಚ್ಕಂಡು ಮಲ್ಗಿದ್ದೆ."