ಹುಸೇನಬಿಯ ಪಾಳಿ

ದೆವ್ವ, ಪವಾಡ ಎಂದರೆ ನಗುತ್ತಿದ್ದವಳು ನಾನು. ಶಾಲೆಯಲ್ಲಿ ವಿಜ್ಞಾನ ಕಲಿಸುತ್ತ, ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡಬೇಕು ಎಂದು ಮಕ್ಕಳಿಗೆ ಹೇಳುತ್ತಿದ್ದೆ. ಈಗ ಹೇಳಹೊರಟದ್ದನ್ನು ನೀವು ನಂಬದಿದ್ದರೆ ನನಗೇನೂ ಬೇಸರವಿಲ್ಲ.

ಎಪ್ಪತ್ತರ ದಶಕದ ಕೊನೆ. ಖಾನಾಪುರ ತಾಲೂಕಿನ ಪಾರಿಶ್ವಾಡದಲ್ಲಿದ್ದೆವು. ಎಂಟು ತಿಂಗಳ ಮಗಳು ಜ್ವರ ಬಂದು ತೀರಿಕೊಂಡಳು. ಗಂಡ ಬೆಳಗಾವಿಯ ಉದ್ಯಮಬಾಗದ ಫೌಂಡ್ರಿ ಕೆಲಸಕ್ಕೆ ಮರಳಲೇಬೇಕಾಯಿತು. ಬೆಳಗಿನ ಬಸ್ಸಿಗೆ ಹೋದರೆ ಬರುವುದು ಕತ್ತಲಾದ ಮೇಲೆಯೇ. ಶಾಲೆಗೆ ರಜೆ ಹಾಕಿ ಮನೆಯಲ್ಲಿದ್ದ ನನ್ನ ಧ್ಯಾನವೆಲ್ಲ ಹಿತ್ತಲ ಬಾವಿಯ ಮೇಲೆ. ಬಾಯಿಬಿಟ್ಟು ಯಾರಿಗೂ ಹೇಳಿರಲಿಲ್ಲ. ಓಣಿಯ ಹೆಂಗಸರಿಗೆ ಹೇಗೋ ತಿಳಿದಿತ್ತು. ಸಾವಾದ ಮನೆಯಲ್ಲಿ ತಾಯಿಯೊಬ್ಬಳನ್ನೇ ಬಿಡಬಾರದೆಂದು ಪಾಳಿ ಹಚ್ಚಿಕೊಂಡು ಬಂದು ಕೂರುತ್ತಿದ್ದರು. ಉಪದೇಶವಿಲ್ಲ. ತಮ್ಮ ಮನೆಗೆಲಸವನ್ನೇ ತಂದು ನನ್ನ ಕೈಗೂ ಅಷ್ಟು ಕೊಡುತ್ತಿದ್ದರು. ಇವರ ಕಾಳು ಹಸನು ಮಾಡಲು ನಾನೇ ಬೇಕೇ ಎಂದು ಸಿಟ್ಟೂ ಬರುತ್ತಿತ್ತು.

ಒಂದು ಗುರುವಾರ ಮಧ್ಯಾಹ್ನ ಯಾರೂ ಬರಲಿಲ್ಲ. ಬಹಳ ಹೊತ್ತು ಕಾದೆ. ಕೊನೆಗೆ ಎದ್ದೆ. ಹಿತ್ತಲ ಬಾಗಿಲ ಅಗಳಿ ತೆಗೆದರೆ, ಹೊಸ್ತಿಲ ಮೇಲೆ ಎದುರು ಮನೆಯ ಹುಸೇನಬಿ ಮೊರ ಹಿಡಿದು ಕೂತಿದ್ದಳು.

“ಎಲ್ಲಿ ಹೊಂಟ್ರಿ ಟೀಚರ? ಕುಂದರ್ರಿ. ಈ ಜ್ವಾಳದಾಗ ಹರಳ ಭಾಳ ಅದಾವು, ನನ್ನ ಕಣ್ಣಿಗೆ ಕಾಣಾಂಗಿಲ್ಲ.”

ದಾರಿ ಬಿಡಲಿಲ್ಲ. ಪಕ್ಕದಲ್ಲಿ ಕೂತೆ. ಹೊತ್ತು ಇಳಿಯುವವರೆಗೂ ಇಬ್ಬರೂ ಹರಳು ಆರಿಸಿದೆವು. ದೀಪ ಹಚ್ಚಿ ಬರುವಷ್ಟರಲ್ಲಿ ಆಕೆ ಇರಲಿಲ್ಲ. ಅಂದು ನಾನು ಬಾವಿಯ ಕಡೆ ಹೋಗಲಿಲ್ಲ.

ಭಾನುವಾರ ಹುಸೇನಬಿ ಬೆಳಗಾವಿಯಿಂದ ಬಂದವಳೇ ನನ್ನ ಕೈ ಹಿಡಿದು ಅತ್ತಳು.

“ತಪ್ಪಾತ್ರಿ ಟೀಚರ. ಮಗಳಿಗೆ ಹೆರಿಗಿ ಬ್ಯಾನಿ ಸುರು ಆಗ್ಯಾವು ಅಂತ ಬುಧವಾರನ ದವಾಖಾನಿಗೆ ಓಡಿದ್ನಿ. ನನ್ನ ಪಾಳಿಗೆ ಗಂಗವ್ವ ಕುಂದರತಾಳ ಅಂತ ತಿಳದ್ನಿ. ಆಕಿ ನಾ ಇದ್ದೀನಿ ಅಂತ ತಿಳದಾಳ. ಗುರುವಾರ ದಿನಾಪೂರ್ತಿ ನಿಮ್ದ ಚಿಂತಿ. ಒಬ್ಬರನ್ನ ಬಿಟ್ಟಿವಲ್ರಿ ನಿಮ್ಮನ್ನ!”

ಆಕೆಯನ್ನು ಹಿತ್ತಲಿಗೆ ಕರೆದೊಯ್ದೆ. ಹೊಸ್ತಿಲ ಬಲಕ್ಕೆ ನಾನು ಹಾಕಿದ ಹರಳಿನ ಗುಡ್ಡೆ ಹಾಗೇ ಇತ್ತು. ಎಡಕ್ಕೆ ಇನ್ನೊಂದು. ಹುಸೇನಬಿ ಎಡಚಿ. ಅದನ್ನೇ ನೋಡುತ್ತ ನಿಂತಳು.

ದುಃಖದ ಭ್ರಮೆಯಲ್ಲಿ ಎರಡೂ ಗುಡ್ಡೆಗಳನ್ನು ನಾನೇ ಮಾಡಿರಬೇಕು ಎಂದು ಎಷ್ಟೋ ಸಲ ಹೇಳಿಕೊಂಡಿದ್ದೇನೆ. ಮನಸ್ಸು ಒಪ್ಪುವುದಿಲ್ಲ. ನಮ್ಮ ಮನೆಯಲ್ಲಿ ಆಗ ಒಂದು ಕಾಳು ಜೋಳವೂ ಇರಲಿಲ್ಲ. ಮಗು ಹೋದಂದಿನಿಂದ ರೊಟ್ಟಿ ಓಣಿಯ ಮನೆಗಳಿಂದಲೇ ಬರುತ್ತಿತ್ತು.