ಸನ್ಮಾನದ ಶಾಲುಗಳಿಗೊಂದು ಗೋಡೆ

ನಿವೃತ್ತ ಡ್ರಾಯಿಂಗ್ ಮೇಷ್ಟರಿಗೆ ಲೋಕಕಲ್ಯಾಣದ ಯೋಚನೆ ಬರುವುದುಂಟು. ನನಗೆ ಅದು ಬಂದಾಗ ಎರಡು ಸಾವಿರದ ಇಸವಿ ದಾಟಿ ಮೂರ್ನಾಲ್ಕು ವರ್ಷವಾಗಿತ್ತು. ಕೊಪ್ಪದಲ್ಲಿ ಹೊಸದೊಂದು ಸಭಾಭವನ ಎದ್ದಿತ್ತು. ಅದರ ಬಾಗಿಲ ಪಕ್ಕದ ಗೋಡೆ ಇಪ್ಪತ್ತಡಿ ಉದ್ದಕ್ಕೆ ಖಾಲಿ. ಅಲ್ಲಿ ಬಟ್ಟೆಯ ಕಲಾಕೃತಿಯೊಂದನ್ನು ತೂಗುಹಾಕುವುದೆಂದು ತೀರ್ಮಾನಿಸಿದೆ. ಸಭೆಯಲ್ಲಿದ್ದವನು ನಾನೊಬ್ಬನೇ ಆದ್ದರಿಂದ ತೀರ್ಮಾನ ಸರ್ವಾನುಮತದಿಂದ ಅಂಗೀಕಾರವಾಯಿತು.

ಬಟ್ಟೆಗೆ ಬರವಿರಲಿಲ್ಲ. ಕೊಪ್ಪ, ಶೃಂಗೇರಿ, ನರಸಿಂಹರಾಜಪುರ ತಾಲ್ಲೂಕುಗಳಲ್ಲಿ ಪೊಲೀಸ್ ಕೇಸಿಲ್ಲದೆ ಅರವತ್ತು ದಾಟಿದವನಿಗೆ ಸನ್ಮಾನ ತಪ್ಪಿದ್ದಲ್ಲ. ಹಾರ, ಹಣ್ಣಿನ ಬುಟ್ಟಿ, ಶಾಲು. ಹಣ್ಣನ್ನು ಮೊಮ್ಮಕ್ಕಳು ತಿನ್ನುತ್ತವೆ, ಹಾರವನ್ನು ದನ ತಿನ್ನುತ್ತದೆ. ಶಾಲು ಮಾತ್ರ ಹೊದೆಯಲು ತೆಳು, ಎಸೆಯಲು ಮರ್ಯಾದೆ ಅಡ್ಡ. ನನ್ನ ಟ್ರಂಕಿನಲ್ಲೇ ಹನ್ನೊಂದಿದ್ದವು. ಉಳಿದದ್ದನ್ನು ಮೆಣಸೆಯಿಂದ ಜಯಪುರದವರೆಗಿನ ಗಣ್ಯರ ಮನೆಗಳಲ್ಲಿ ಕೇಳಿ ತಂದೆ. ಕೊಡುವಾಗ ಅವರ ಮುಖದಲ್ಲಿ ಕಂಡ ಆನಂದ ಗೋಡೆಯ ಮೇಲಿನ ಸನ್ಮಾನದ ಫೋಟೋಗಳಲ್ಲಿ ಇರಲಿಲ್ಲ.

ಹೊಲಿಯಬೇಕಾದವಳು ಜಯಪುರದ ನನ್ನ ಅಕ್ಕ, ನಲವತ್ತು ವರ್ಷ ಊರ ಹೆಂಗಸರಿಗೆ ರವಿಕೆ ಹೊಲಿದವಳು. ವಿಷಯ ಕೇಳಿ ಮೊದಲು ಬೈದಳು. ಆಮೇಲೆ ಮಷಿನ್ನಿನ ಚಕ್ರದ ಮೇಲೆ ಕೈಯಿಟ್ಟು ಹೇಳಿದಳು:

"ಇಷ್ಟು ವರ್ಷ ಹೊಲ್ದಿದ್ದೆಲ್ಲ ಸೆರಗಿನಡಿಗೆ ಹೋಯ್ತಲ್ಲ ಮಾರಾಯ. ಬಿಗಿಯಾದ್ರೆ ಬಂದು ಬೈತಾರೆ, ಸರಿಯಾದ್ರೆ ಸುದ್ದಿನೇ ಇಲ್ಲ. ಒಬ್ರಾದ್ರೂ ನಿಂತು ನನ್ನ ಹೊಲಿಗೆ ನೋಡ್ಬೇಕು. ಗೋಡೆ ಕೊಡಿಸ್ತೀಯಾದ್ರೆ ಹೇಳು."

ಕೊಡಿಸುತ್ತೇನೆಂದು ಮಾತು ಕೊಟ್ಟೆ. ಮಾದರಿಗೆಂದು ಟವೆಲಿನಷ್ಟು ಕ್ಯಾನ್ವಾಸಿನ ಮೇಲೆ ಆಕಾಶವನ್ನೂ ತುಂಗೆಯನ್ನೂ ಬರೆದೆ. ಬೆಟ್ಟ, ಗದ್ದೆಗಳ ಜಾಗಕ್ಕೆ ಅವಳು ಶಾಲು ಕತ್ತರಿಸಿ ಕೆಂಪು ದಾರದಲ್ಲಿ ಹೊಲಿದಳು. "ನಿನ್ನ ಹೊಳೆ ಹರೀತಾ ಇಲ್ಲ, ಮಲ್ಕೊಂಡಿದೆ" ಎಂಬ ವಿಮರ್ಶೆಯನ್ನೂ ಉಚಿತವಾಗಿ ಕೊಟ್ಟಳು. ನಾನು ಮೂರು ಪುಟದ ಪ್ರಸ್ತಾವನೆಯನ್ನು ಕಾರ್ಬನ್ ಇಟ್ಟು ಬರೆದೆ. "ನಾಡಿನ ಗೌರವವೇ ನಾಡಿನ ಬೆಟ್ಟಗಳಾಗಿ ಏಳುವ ಪರಿ" ಎಂಬ ವಾಕ್ಯ ಮೂಡಿದಾಗ ಪೆನ್ನು ಕೆಳಗಿಟ್ಟು ಒಂದು ನಿಮಿಷ ಎದ್ದು ನಿಂತೆ.

ಎರಡನ್ನೂ ಸಭಾಭವನದ ಸಮಿತಿಯ ಮುಂದಿಟ್ಟೆವು. ಅಧ್ಯಕ್ಷರು ಶೃಂಗೇರಿ ಕಡೆಯ ತೋಟದ ಯಜಮಾನರು; ಕಾರ್ಯದರ್ಶಿ ನರಸಿಂಹರಾಜಪುರದಲ್ಲಿ ಪಾತ್ರೆ ಅಂಗಡಿ ಇಟ್ಟವರು. ಅಕ್ಕ ಬೆಂಚಿನ ತುದಿಯಲ್ಲಿ ಚೀಲ ತೊಡೆಯ ಮೇಲಿಟ್ಟುಕೊಂಡು ಕೂತಳು.

"ಇದ್ರಿಂದ ಎಂತ ಉಪಯೋಗ ಮೇಷ್ಟ್ರೆ?" ಎಂದರು ಕಾರ್ಯದರ್ಶಿ.

"ನೋಡಬಹುದು."

"ನೋಡಿ ಆದ್ಮೇಲೆ?"

"ಇನ್ನೊಮ್ಮೆ ನೋಡಬಹುದು."

"ಅಲ್ಲೊಂದು ಫ್ಯಾನ್ ಹಾಕಿದ್ರೂ ನೋಡ್ಬಹುದಿತ್ತು ಮಾರಾಯ್ರೆ, ಗಾಳಿನೂ ಬರ್ತಿತ್ತು."

ಅಷ್ಟರಲ್ಲಿ ಅಧ್ಯಕ್ಷರ ಬೆರಳು ಒಂದು ಬೆಟ್ಟದ ಮೇಲೆ ನಿಂತಿತು. "ಈ ಹಸಿರು ಅಂಚಿಂದು ಯಾರು ಕೊಟ್ರು?"

ನಿವೃತ್ತ ಪೋಸ್ಟ್‌ಮಾಸ್ಟರರೊಬ್ಬರು ಎಂದೆ. ಅವರಿಗೆ ಅದನ್ನು ಹೊದೆಸಿದ್ದವರು ಸ್ವತಃ ಅಧ್ಯಕ್ಷರು.

ಕಾರ್ಯದರ್ಶಿ ಬಗ್ಗಿ ನೋಡಿದರು. "ಅಯ್ಯೋ, ಇದು ನಾನು ನಿಮಗೆ ಹೊದೆಸಿದ್ದಲ್ವಾ! ಈ ಎಲೆಅಡಿಕೆ ಕಲೆ ನಂದೇ!"

"ನೀವು ಹೊದೆಸಿದಾಗ ಅದು ಹೊಸದಾಗಿತ್ತಾ?" ಎಂದು ಅಧ್ಯಕ್ಷರು ಶಾಂತವಾಗಿ ಕೇಳಿದರು.

ಕಾರ್ಯದರ್ಶಿ ಕಿಟಕಿಯ ಹೊರಗೆ ಬಸ್ಸು ನೋಡತೊಡಗಿದರು. ನಮ್ಮ ಕಡೆ ಶಾಲು ಟ್ರಂಕಿನಲ್ಲಿ ಬಹಳ ದಿನ ವಿಶ್ರಮಿಸುವುದಿಲ್ಲ. ಇಸ್ತ್ರಿ ಮಾಡಿಸಿಕೊಂಡು ಮುಂದಿನ ಸನ್ಮಾನಕ್ಕೆ ಹೊರಡುತ್ತದೆ. ಎಲ್ಲರಿಗೂ ಗೊತ್ತು, ಯಾರೂ ಹೇಳುವುದಿಲ್ಲ. ಅಂಥವನ್ನೇ ಆರಿಸಿ, ಹೊದೆಸಿದವರೂ ಹೊದ್ದವರೂ ಒಟ್ಟಿಗೆ ಕೂರುವ ಸಭಾಭವನದಲ್ಲಿ ತೂಗುಹಾಕಲು ಹೊರಟಿದ್ದೆ ನಾನು.

ಅಧ್ಯಕ್ಷರು ಮಾದರಿಯನ್ನು ಮೇಜಿನ ಮೇಲೆ ಬೋರಲು ಹಾಕಿದರು. "ಪ್ರಸ್ತಾವನೆ ಚೆನ್ನಾಗಿದೆ ಮೇಷ್ಟ್ರೆ. ಬೇಡ."

ಮಾದರಿಯನ್ನು ತುಂಬಿಕೊಳ್ಳಲು ಅಕ್ಕ ಎದ್ದು ಚೀಲದ ಬಾಯಿ ಬಿಡಿಸಿ ಮೇಜಿನ ಹತ್ತಿರ ಬಂದಳು. ಆದರೆ ಕಾರ್ಯದರ್ಶಿಯ ಕೈ ಬಟ್ಟೆಯ ಮೇಲಿತ್ತು. ಹಿಂಬದಿಯ ಬಿಳಿ ಕ್ಯಾನ್ವಾಸಿನಲ್ಲಿ ಶಾಲೂ ಇಲ್ಲ, ಬಣ್ಣವೂ ಇಲ್ಲ. ಕೆಂಪು ದಾರದ ಬೆಟ್ಟಗಳು ಮಾತ್ರ, ಒಂದರ ಹಿಂದೊಂದು.

"ಈ ಗೆರೆ ಯಾರು ಬರ್ದಿದ್ದು?" ಎಂದರು ಕಾರ್ಯದರ್ಶಿ.

"ಬರ್ದಿದ್ದಲ್ಲ, ಹೊಲ್ದಿದ್ದು" ಎಂದಳು ಅಕ್ಕ.

ಅಧ್ಯಕ್ಷರು ಕನ್ನಡಕ ಹಾಕಿಕೊಂಡು ತುಂಬ ಹೊತ್ತು ನೋಡಿದರು. "ಈ ಮುಖ ಹೊರಗಿಟ್ಟು ಹಾಕೋದಾದ್ರೆ ನಮ್ದೇನೂ ಅಡ್ಡಿ ಇಲ್ಲ."

"ನನ್ನ ಹೊಳೆ?" ಎಂದೆ.

"ಗೋಡೆ ಕಡೆ ಹರೀಲಿ ಮಾರಾಯ್ರೆ. ಯಾರು ಬೇಡ ಅಂದ್ರು?"

ಕಲಾವಿದನ ಸ್ವಾತಂತ್ರ್ಯದ ಬಗ್ಗೆ ನಾಲ್ಕು ಗಂಭೀರ ಮಾತು ಬಾಯಿಗೆ ಬಂದಿದ್ದವು. ಅಕ್ಕ ನನ್ನ ಮುಖವನ್ನೇ ನೋಡುತ್ತಿದ್ದಳು. ಆಗಲಿ ಎಂದೆ.

ನಾಲ್ಕು ತಿಂಗಳ ಕೆಲಸದ ನಂತರ ಇಪ್ಪತ್ತಡಿಯ ಬಟ್ಟೆ ಹಿಂಬದಿ ಹೊರಗಾಗಿ ಗೋಡೆ ಏರಿತು. ಆ ದಿನ ಭವನದಲ್ಲಿದ್ದ ಸಮಾರಂಭದ ಮೊದಲ ಪಂಕ್ತಿಯ ಊಟ ಮುಗಿಸಿ ಬಂದ ಇಬ್ಬರು ಹೆಂಗಸರು ಅದರ ಮುಂದೆ ನಿಂತರು. ಒಬ್ಬಳು ಒದ್ದೆ ಕೈಯನ್ನು ಸೆರಗಿಗೆ ಒರೆಸಿಕೊಂಡು ಬೆಟ್ಟದ ಗೆರೆಯ ಮೇಲೆ ಬೆರಳಾಡಿಸಿ, "ಎಲ್ಲೂ ಒಂದು ದಾರ ಎಳೆದಿಲ್ಲ ನೋಡೇ" ಎಂದಳು. ಅವರ ಹಿಂದೆಯೇ ಅಕ್ಕ ನಿಂತಿದ್ದಳು. ಎರಡನೇ ಪಂಕ್ತಿಗೆ ಎಲೆ ಹಾಕಿದೆಯೆಂದು ನಾನು ಕರೆದೆ.

"ನೀನು ಹೋಗು" ಎಂದಳು, ತಿರುಗಿ ನೋಡದೆ. "ನಾನು ಮೂರನೇದಕ್ಕೆ ಬರ್ತೀನಿ."