ಹೊಟ್ಟೆ ಮುಟ್ಟಿ ನೋಡದೆ ಬಸ್ಸು ಹತ್ತಿಸದ ಚೌಡಮ್ಮ

ಬೆಳಗಿನ ಆರು ಗಂಟೆ. ಶಿರಸಿಯ ಖಾಸಗಿ ಆಸ್ಪತ್ರೆಯೊಂದರ ಹಿಂಬದಿಯ ಕೋಣೆಯಲ್ಲಿ ಆಯಾ ಚೌಡಮ್ಮ ಉದ್ದನೆಯ ಕರಿ ಕೊಳವೆಯೊಂದನ್ನು ತೊಳೆಯುತ್ತಿದ್ದಾರೆ. ದೊಡ್ಡ ಕರುಳಿನೊಳಗೆ ಇಳಿಸಿ ನೋಡುವ ಕೊಲೊನೋಸ್ಕೋಪಿಯ ಕೊಳವೆ ಅದು. ಒಳದಾರಿಗೆ ಬ್ರಶ್ಶು, ಆಮೇಲೆ ಮದ್ದಿನ ನೀರಲ್ಲಿ ಇಪ್ಪತ್ತು ನಿಮಿಷ. ಒಬ್ಬರ ಸೋಂಕು ಇನ್ನೊಬ್ಬರಿಗೆ ದಾಟಬಾರದಲ್ಲ.

ಎಂಟಕ್ಕೆ ಸಿದ್ದಾಪುರದಿಂದ ಅನಂತಮೂರ್ತಿ ಭಟ್ಟರು, ಹೆಂಡತಿ ಪರಿಮಳಾ ಬಂದಿಳಿಯುತ್ತಾರೆ. ಭಟ್ಟರಿಗೆ ಎರಡು ತಿಂಗಳಿಂದ ಮಲದಲ್ಲಿ ರಕ್ತ.

"ನಿನ್ನೆ ಎಂತ ತಿಂದ್ರಿ?" ಚೌಡಮ್ಮ ಕೇಳುತ್ತಾರೆ.

"ಎಂತದೂ ಇಲ್ಲ. ಕಟ್ಟುನಿಟ್ಟು ಉಪವಾಸ."

"ಏಕಾದಶಿ ಥರದ್ದಾ?"

"ಮತ್ತೆ? ಎರಡು ಹೊತ್ತು ಅವಲಕ್ಕಿ, ರಾತ್ರಿ ನಾಲ್ಕು ಬಾಳೆಹಣ್ಣು."

ಚೌಡಮ್ಮ ಹಣೆ ಚಚ್ಚಿಕೊಳ್ಳುತ್ತಾರೆ. "ಅಯ್ಯೋ ಭಟ್ರೇ! ದೇವರು ಒಪ್ತಾನೆ, ಕರುಳು ಒಪ್ಪೂದಿಲ್ಲ. ಹೇಳಿ ಹೇಳಿ ನನ್ನ ಬಾಯಿ ಬಿದ್ದೋಯ್ತು!"

"ಬೇದಿ ಔಷಧ ಕುಡಿದಿದ್ದೇನಲ್ಲ! ನೀನೇನು ಡಾಕ್ಟ್ರಾ?"

"ಆಸ್ಪತ್ರೆ ಚೀಟಿ ಓದಿ ಅಂತ ಆನು ಹೇಳಿದ್ನಿಲ್ಯಾ?" ಪರಿಮಳಾ ಗಂಡನನ್ನೇ ಗದರುತ್ತಾರೆ.

ಕರುಳು ಚೊಕ್ಕ ಇಲ್ಲದಿದ್ದರೆ ಒಳಗೆ ಬೆಳೆದ ಗಂಟು ಕಣ್ಣು ತಪ್ಪುತ್ತದೆ. ಕೊಳವೆಗೆ ದಾರಿ ಕಾಣದೆ, ಅಪರೂಪಕ್ಕೆ, ಕರುಳಿನ ಗೋಡೆಯೇ ತೂತಾಗುವುದೂ ಉಂಟು. ಡಾಕ್ಟರೂ ಚೌಡಮ್ಮನ ಮಾತನ್ನೇ ಎತ್ತಿ ಹಿಡಿದು ಶುಕ್ರವಾರಕ್ಕೆ ಬರಹೇಳುತ್ತಾರೆ. ಭಟ್ಟರು ಗೊಣಗುತ್ತಲೇ ಹೋಗುತ್ತಾರೆ.

ಚೌಡಮ್ಮ ಓದಿದ್ದು ಏಳನೇ ಇಯತ್ತೆ. ಇಲ್ಲಿ ಸೇರಿ ಹದಿನಾಲ್ಕು ವರ್ಷ. ವಾರಕ್ಕೆ ಐದಾರು ಪರೀಕ್ಷೆ, ಅದರಲ್ಲಿ ಒಬ್ಬರಾದರೂ ಹೀಗೆ ಉಂಡು ಬಂದವರೇ. ಸೇರಿದ ಹೊಸತರಲ್ಲಿ ನಂದೊಳ್ಳಿಯ ತಿಮ್ಮ ಎಂಬವರು ಪರೀಕ್ಷೆ ಮುಗಿಸಿ ಹೊಟ್ಟೆನೋವು ಅಂದಿದ್ದರು. "'ಪರೀಕ್ಷೆಗೆ ಊದಿದ ಗಾಳಿ ಇರ್ತದೆ, ಹೋಗಿ' ಅಂದವಳು ನಾನೇ. ಯಲ್ಲಾಪುರ ಮುಟ್ಟೂದ್ರೊಳಗೆ ಹೊಟ್ಟೆ ಹಲಗೆ ಹಾಗೆ ಗಟ್ಟಿ ಆಗಿತ್ತು," ಅನ್ನುತ್ತಾರೆ ಚೌಡಮ್ಮ. ಕರುಳು ತೂತಾಗಿತ್ತು. ಹುಬ್ಬಳ್ಳಿಯಲ್ಲಿ ಆಪರೇಷನ್ ಆಗಿ ಬದುಕಿದರು. ಅಂದಿನಿಂದ ಚೌಡಮ್ಮ ಬಂದವರನ್ನೆಲ್ಲ ಪಾರಾಯಣದಂತೆ ಒಂದಕ್ಷರ ಬಿಡದೆ ಕೇಳುತ್ತಾರೆ: ರಕ್ತ ತೆಳು ಮಾಡೋ ಮಾತ್ರೆ ಉಂಟಾ? ನೋವು ಉಂಟಾ? ಜ್ವರ?

ಶುಕ್ರವಾರ ಭಟ್ಟರ ಕರುಳು ಚೊಕ್ಕ. ಕಡಲೆಕಾಳಿನಷ್ಟು ಗಂಟು ಸಿಗುತ್ತದೆ, ತೆಗೆದೂ ಆಗುತ್ತದೆ. ಒಂದು ಗಂಟೆಯ ಬಸ್ಸಿಗೆ ಭಟ್ಟರಿಗೆ ಅವಸರ. ಚೌಡಮ್ಮ ಹೊಟ್ಟೆ ಒತ್ತಿ ನೋಡಿ, "ಗಾಳಿ ಹೋಯ್ತಾ?" ಅನ್ನುತ್ತಾರೆ.

"ಶ್! ಎಲ್ಲರೆದುರು ಎಂತ ಕೇಳ್ತೀಯೇ!"

"ಹೋಗೋ ತನಕ ಬಸ್ಸಿಲ್ಲ."

ಎರಡು ಬಸ್ಸು ತಪ್ಪುತ್ತವೆ. ನಾಲ್ಕಕ್ಕೆ ಭಟ್ಟರು ಗೋಡೆ ನೋಡುತ್ತ, "ಹೋಯ್ತು ಮಾರಾಯ್ತಿ, ಬಿಡು!" ಅನ್ನುತ್ತಾರೆ. ಚೌಡಮ್ಮ ಇನ್ನೊಮ್ಮೆ ಒತ್ತುತ್ತಾರೆ. ಮೆತ್ತಗಿದೆ. ಡಾಕ್ಟರೂ ನೋಡಿ ಸರಿ ಎಂದ ಮೇಲೆಯೇ ಬಿಡುಗಡೆ.

ನಿಮಗೇನಾದರೂ ಆಸೆ ಇದೆಯೇ ಎಂದು ಕೇಳಿದರೆ ಚೌಡಮ್ಮ ಸೆರಗಿನಿಂದ ಕೈ ಒರೆಸಿಕೊಳ್ಳುತ್ತಾರೆ. "ಮನೆ ಮುಟ್ಟಿದ್ಮೇಲೆ 'ಆರಾಮಿದ್ದೇನೆ' ಅಂತ ಒಂದು ಫೋನು. ಅಷ್ಟೇ. ಹದಿನಾಲ್ಕು ವರ್ಷ ಆಯ್ತು, ಒಬ್ಬರೂ ಮಾಡೂದಿಲ್ಲ ನೋಡಿ!"